ಮಳೆ ಹಿಡಿಯುವ ಮೊದಲು ಆ 48 ಅಂಕಿ ಬರೆದಿಡಿ

ಕಂಪ್ಯೂಟರ್ ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೇಳುವ ಒಂದು ಖಾಲಿ ಸಾಲು. ತಮ್ಮ ಡ್ರೈವ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಬಿದ್ದಿದೆ ಎಂಬುದೇ ಬಹಳ ಮಂದಿಗೆ ಗೊತ್ತಾಗುವುದು ಅಲ್ಲಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೈನ್ ಇನ್ ಆದರೆ ಸಾಕು, ಎಷ್ಟೋ ಮಾಡೆಲ್‌ಗಳಲ್ಲಿ ವಿಂಡೋಸ್ ತಾನಾಗಿಯೇ ಡ್ರೈವನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡಿ, ಆ ಕೀಯನ್ನು ಆ ಅಕೌಂಟಿಗೆ ಸೇರಿಸಿಬಿಡುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಇದು ಇನ್ನಷ್ಟು ಯಂತ್ರಗಳಿಗೆ ಹಬ್ಬಿತು, ಹೋಂ ಎಡಿಷನ್ ಕೂಡ ಬಿಟ್ಟಿಲ್ಲ. ತೋಟದ ಆಫೀಸಿನಲ್ಲಿ ಆ ಅಕೌಂಟ್ ಯಾರದ್ದಿರುತ್ತದೆ? ಬೆಂಗಳೂರಿನಿಂದ ರಜೆಗೆ ಬಂದ ಮಗನದು, ಇಲ್ಲವೇ ಕೆಲಸ ಬಿಟ್ಟುಹೋದ ರೈಟರ್ (ತೋಟದ ಗುಮಾಸ್ತ) ಅವರದು. ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಕಾಫಿ ಮೆಣಸಿನ ಲೆಕ್ಕವೆಲ್ಲ ಒಳಗೆ. ಕೀ ಮಾತ್ರ ಇನ್ನೊಬ್ಬರ ಮೇಲ್ ಐಡಿಯಲ್ಲಿ.

ಬೀಗ ನಿನ್ನೆಯವರೆಗೆ ಸುಮ್ಮನಿದ್ದು ಇವತ್ತು ಯಾಕೆ ಕೇಳುತ್ತದೆ? ಡ್ರೈವ್ ತೆರೆಯುವ ಕೀ ಟಿಪಿಎಂ ಎಂಬ ಚಿಪ್‌ನ ಕೈಯಲ್ಲಿದೆ. ಬೂಟ್ ಆಗುವಾಗಿನ ಅಳತೆಗಳು, ಮುಖ್ಯವಾಗಿ ನಂಬಿಕಸ್ತ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್‌ನ ಸ್ಥಿತಿ, ಮೊದಲಿನಂತೆಯೇ ಇದ್ದರೆ ಅದು ಕೀ ಕೊಡುತ್ತದೆ. ಕೊಂಚ ಬದಲಾದರೂ ಕೊಡುವುದಿಲ್ಲ. ಕದ್ದವನು ಬೇರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ, ಬಯೋಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ತಾನಾಗಿ ರಿಸೆಟ್ ಆದರೂ ಚಿಪ್‌ಗೆ ಎರಡೂ ಒಂದೇ.

ಈ ರಿಸೆಟ್ ನಮ್ಮ ಕಡೆಯ ಡೆಸ್ಕ್‌ಟಾಪ್‌ಗಳ ದೊಡ್ಡ ತಲೆನೋವು. ಗುಡುಗು ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುವುದು ಕೊಡಗಿನ ಮನೆಗಳಲ್ಲಿ ಅಭ್ಯಾಸ, ಒಳ್ಳೆಯದೇ. ಆದರೆ ಪ್ಲಗ್ ಇಲ್ಲದಷ್ಟು ಹೊತ್ತೂ ಬಯೋಸ್‌ನ ಗಡಿಯಾರವನ್ನು ಓಡಿಸುವುದು ಮದರ್‌ಬೋರ್ಡ್ ಮೇಲಿನ ಸಿಆರ್2032 ನಾಣ್ಯದ ಬ್ಯಾಟರಿ ಒಂದೇ. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇಲ್ಲದಿದ್ದರೆ ಹಳೆಯ ಬ್ಯಾಟರಿ ಕೈ ಕೊಡುತ್ತದೆ. ಬಯೋಸ್ ತನ್ನ ಡಿಫಾಲ್ಟ್‌ಗೆ ಮರಳುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಡಿಫಾಲ್ಟ್ ಎಂದರೆ ಸೆಕ್ಯೂರ್ ಬೂಟ್ ಆಫ್, ಟಿಪಿಎಂ ಆಫ್. ಹೊಸದು 3 ವೋಲ್ಟ್ ಇರುತ್ತದೆ. ಮಲ್ಟಿಮೀಟರ್‌ನಲ್ಲಿ 2.7ರ ಆಸುಪಾಸು ತೋರಿಸಿದರೆ ಮೇ ತಿಂಗಳಲ್ಲೇ ಬದಲಾಯಿಸಿ. ತಾರೀಕು ಹಿಂದೆ ಹೋಗಿದ್ದರೂ ಅದೇ ಸೂಚನೆ.

ಪರದೆ ಬಂದೇಬಿಟ್ಟರೆ ಕೀ ಹುಡುಕುವ ಮೊದಲು ಬಯೋಸ್‌ಗೆ ಹೋಗಿ ತಾರೀಕು ಸರಿಮಾಡಿ, ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಮೊದಲಿದ್ದಂತೆ ಆನ್ ಮಾಡಿ ಸೇವ್ ಮಾಡಿ. ಅಳತೆಗಳು ಹಳೆಯದಕ್ಕೆ ಹೊಂದಿದರೆ ಕೀ ಇಲ್ಲದೆಯೇ ವಿಂಡೋಸ್ ತೆರೆಯುತ್ತದೆ. ಅಲ್ಲಿ ಕಾಣುವ 'ಕ್ಲಿಯರ್ ಟಿಪಿಎಂ' ಮಾತ್ರ ಮುಟ್ಟಬೇಡಿ. ಎಎಂಡಿ ಬೋರ್ಡ್‌ಗಳಲ್ಲಿ ಕೆಲವೊಮ್ಮೆ ಬೂಟ್ ಆಗುವಾಗಲೇ ಕಪ್ಪು ಪರದೆಯಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್‌ನಲ್ಲೇ ಇರುವ ಟಿಪಿಎಂ) ರಿಸೆಟ್ ಮಾಡಲು ವೈ, ಹಳೆಯದನ್ನೇ ಉಳಿಸಿಕೊಳ್ಳಲು ಎನ್ ಒತ್ತಿ ಎಂದು ಬರುತ್ತದೆ. ಎನ್ ಒತ್ತಿ. ಅವಸರದಲ್ಲಿ ವೈ ಒತ್ತಿದರೆ ಆಮೇಲೆ ರಿಕವರಿ ಕೀ ಬಿಟ್ಟರೆ ಬೇರೆ ದಾರಿಯಿಲ್ಲ. ಮದರ್‌ಬೋರ್ಡ್ ಸುಟ್ಟು ಬದಲಾಯಿಸಿದರೂ ಇದೇ ಕತೆ, ಏಕೆಂದರೆ ಚಿಪ್ ಹೊಸದು.

ಕೀ ಎಂದರೆ 48 ಅಂಕಿ: ಆರಾರು ಅಂಕಿಯ ಎಂಟು ಗುಂಪು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಗೆಟ್ ಸಿ:' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ನ್ಯೂಮರಿಕಲ್ ಪಾಸ್‌ವರ್ಡ್ ಎಂಬಲ್ಲಿ ತೋರಿಸುತ್ತದೆ. ಅದರ ಮೇಲಿರುವ ಐಡಿಯ ಮೊದಲ ಎಂಟು ಅಕ್ಷರವನ್ನೂ ಬರೆದುಕೊಳ್ಳಿ. ಮನೆಯಲ್ಲಿ ಎರಡು ಮೂರು ಲ್ಯಾಪ್‌ಟಾಪ್ ಇದ್ದರೆ ಯಾವ ಕೀ ಯಾವುದರದ್ದು ಎಂದು ತಿಳಿಯುವುದು ಅದರಿಂದಲೇ. ಜೆಲ್ ಪೆನ್ ಬೇಡ, ಕಕ್ಕಡದ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಥಂಡಿಗೆ ಶಾಯಿ ಹರಡುತ್ತದೆ. ಬಾಲ್ ಪೆನ್ನಿನಲ್ಲಿ ಬರೆದು ತೋಟದ ದಾಖಲೆಗಳ ಜೊತೆ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಲ್ಲ.

ಬರೆದದ್ದು 1 ಅಥವಾ 7 ಎಂದು ಅನುಮಾನವೇ? ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. 135795 ಸರಿ, 11ರಿಂದ ಭಾಗಿಸಿದರೆ 12345. ಅದನ್ನೇ 135195 ಎಂದು ಓದಿದರೆ 5 ಶೇಷ ಉಳಿಯುತ್ತದೆ, ಅಂದರೆ ತಪ್ಪು. ಯಾವ ಗುಂಪೂ 720885ನ್ನು ಮೀರುವುದಿಲ್ಲ, ಹಾಗಾಗಿ 8 ಅಥವಾ 9ರಿಂದ ಶುರುವಾಗುವ ಗುಂಪು ಕಂಡರೆ ಅದೂ ತಪ್ಪೇ. ಫೋನಿನಲ್ಲಿ ಯಾರಾದರೂ ಕೀ ಓದಿ ಹೇಳುವಾಗ ಈ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ.

ಬರೆದಿಟ್ಟಿಲ್ಲವೆಂದರೆ ಅಕೌಂಟೇ ಗತಿ. ಅಲ್ಲಿ ಒಟಿಪಿ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಮುಗಿದರೆ ಸಿಗ್ನಲ್ ಇಲ್ಲ, ಒಟಿಪಿ ಬರುವುದಿಲ್ಲ. ಮತ್ತೆ ಮತ್ತೆ ಕೇಳಿದರೆ ಅಕೌಂಟೇ ಸ್ವಲ್ಪ ಕಾಲ ಬಾಗಿಲು ಹಾಕುತ್ತದೆ. ಹಳೆಯ ಸಿಮ್ ಹೋಯಿತೆಂದು ಭದ್ರತಾ ವಿವರಗಳನ್ನೆಲ್ಲ ಒಟ್ಟಿಗೆ ಬದಲಾಯಿಸಿದರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಎಷ್ಟು ಗೋಗರೆದರೂ ಒಂದು ದಿನ ಕಡಿಮೆಯಾಗದು. ನೆಟ್‌ವರ್ಕ್ ಇರುವಾಗಲೇ ಅಥೆಂಟಿಕೇಟರ್ ಆ್ಯಪ್ ಜೋಡಿಸಿಡಿ. 30 ಸೆಕೆಂಡಿಗೊಮ್ಮೆ ಬದಲಾಗುವ ಅದರ ಕೋಡ್‌ಗೆ ಸಿಗ್ನಲ್ ಬೇಡ, ಫೋನಿನ ಗಡಿಯಾರ ಸರಿಯಿದ್ದರಾಯಿತು. ಕಾಲಿಟ್ಟಲ್ಲೆಲ್ಲ ಒಟಿಪಿ ಕೇಳುವ ಈ ವ್ಯವಸ್ಥೆ ಮಾಡಿದವರು ನಾಪೋಕ್ಲಿನಲ್ಲೋ ಭಾಗಮಂಡಲದಲ್ಲೋ ಒಂದು ಜುಲೈ ಕಳೆಯಬೇಕಿತ್ತು.

ಬಯೋಸ್ ಅಪ್‌ಡೇಟ್‌ಗೆ ಮುಂಚೆ ಬಿಟ್‌ಲಾಕರನ್ನು ಪೂರ್ತಿ ತೆಗೆಯಬೇಕಿಲ್ಲ, ಸಸ್ಪೆಂಡ್ ಮಾಡಿದರೆ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿದರೆ ಸಾಕು. ಸಾಮಾನ್ಯವಾಗಿ ಒಂದು ರೀಸ್ಟಾರ್ಟ್ ಆದ ಮೇಲೆ ಅದು ತಾನಾಗಿ ಮತ್ತೆ ಚಾಲೂ ಆಗುತ್ತದೆ. ಅಪ್‌ಡೇಟ್ ಎರಡು ಸಲ ರೀಸ್ಟಾರ್ಟ್ ಮಾಡಿದರೆ ಎರಡನೆಯದಕ್ಕೆ ಸಿಕ್ಕಿಬೀಳುತ್ತೀರಿ. ಅದಕ್ಕೇ ಮೇಲೆ ಹೇಳಿದ ಮ್ಯಾನೇಜ್-ಬಿಡಿಇ ಕಮಾಂಡಿನಲ್ಲಿ ಗೆಟ್ ಬದಲು ಡಿಸೇಬಲ್ ಹಾಕಿ ಕೊನೆಗೆ '-ರೀಬೂಟ್‌ಕೌಂಟ್ 2' ಸೇರಿಸಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಳೆಗಾಲ ಮುಗಿಯುವವರೆಗೆ ಬಯೋಸ್ ಅಪ್‌ಡೇಟಿನ ಸುದ್ದಿಗೇ ಹೋಗಬೇಡಿ.