ಖಾಲಿ ಪತ್ತಾಯದಲ್ಲಿ ಬಿಯರ್

ನಮ್ಮ ಮನೆಯಿರುವುದು ಮೂರ್ನಾಡಿನಿಂದ ನಾಪೋಕ್ಲಿಗೆ ಹೋಗುವ ದಾರಿಯಲ್ಲಿ. ಅಜ್ಜನ ಕಾಲದಲ್ಲಿ ಕಟ್ಟಿದ ಈ ಮನೆಯ ಉಗ್ರಾಣದಲ್ಲಿ ಭತ್ತ ತುಂಬಿಡುವ, ಹಲಸಿನ ಹಲಗೆಯ ಒಂದು ಪತ್ತಾಯವಿದೆ. ಗದ್ದೆಗಳನ್ನು ಪಾಳು ಬಿಟ್ಟ ಮೇಲೆ ಅದರೊಳಗೆ ಭತ್ತ ಬಿದ್ದಿರಲಿಲ್ಲ. ಹಳೆಯ ಗೋಣಿಚೀಲ, ಮುರಿದ ಮೊರ ಮತ್ತು ಯಾರೂ ಎಸೆಯಲು ಒಪ್ಪದ ಕಂಚಿನ ಪಾತ್ರೆಗಳಷ್ಟೇ ಇದ್ದವು. ಈಗ ಅದರಲ್ಲಿ ಹತ್ತೊಂಬತ್ತು ಬಾಟಲಿ ಬಿಯರ್ ಇದೆ. ಬಿಯರನ್ನು ವರ್ಷಗಟ್ಟಲೆ ಇಟ್ಟು ಹಳತಾಗಿಸುವುದೆಂದರೆ ಏನು, ಕೊಡಗಿನಂಥ ಊರಿನಲ್ಲಿ ಅದು ಸಾಧ್ಯವೇ ಎಂದು ಗೆಳೆಯರು ಮತ್ತೆ ಮತ್ತೆ ಕೇಳುವುದರಿಂದ, ನಾನು ಕಲಿತದ್ದನ್ನು, ಅದಕ್ಕಿಂತ ಹೆಚ್ಚಾಗಿ ಕೆಡಿಸಿಕೊಂಡದ್ದನ್ನು, ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಲ ಬಿಯರೂ ಇಡಲು ಯೋಗ್ಯವಲ್ಲ ಎಂಬುದನ್ನು ಮೊದಲೇ ಹೇಳಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಲಾಗರ್ ಬಿಯರನ್ನು ಸೋಸಿ, ಪಾಶ್ಚರೀಕರಿಸಿ ತುಂಬಿರುತ್ತಾರೆ. ಅದರಲ್ಲಿ ಜೀವಂತ ಯೀಸ್ಟ್ ಇರುವುದಿಲ್ಲ, ಆದ್ದರಿಂದ ಕಾಲ ಕಳೆದಂತೆ ಅದು ಸಪ್ಪೆಯಾಗುತ್ತದೆಯೇ ಹೊರತು ಬೆಳೆಯುವುದಿಲ್ಲ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವಾದ ಹಾಪ್ಸ್‌ನ ಘಮಕ್ಕಾಗಿಯೇ ಕುಡಿಯುವ ಐಪಿಎ (ಇಂಡಿಯಾ ಪೇಲ್ ಏಲ್) ಬಗೆಯ ಬಿಯರಿನ ಗತಿ ಇನ್ನೂ ಬೇಗ ಕೆಡುತ್ತದೆ. ಇದನ್ನು ನಾನು ಓದಿ ತಿಳಿದದ್ದಲ್ಲ. 2020ರಲ್ಲಿ ಬೆಂಗಳೂರಿನಿಂದ ತಂದ ಒಂದು ಪೆಟ್ಟಿಗೆ ಐಪಿಎಯನ್ನು, ಹಳೆಯದಾದಷ್ಟೂ ರುಚಿ ಎಂಬ ಹುಂಬತನದಿಂದ, ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಇಟ್ಟೆ. ಕೆಳಗಿನಿಂದ ಒಲೆಯ ಬಿಸಿ, ಮೇಲಿನಿಂದ ಹೆಂಚಿನ ಬಿಸಿ. ತೆರೆದಾಗ ಕಿತ್ತಳೆ ಸಿಪ್ಪೆಯಂಥ ಆ ಪರಿಮಳದ ಸುಳಿವೇ ಇರಲಿಲ್ಲ. ನಾಲಗೆಗೆ ಸಿಕ್ಕಿದ್ದು ಮಳೆಯಲ್ಲಿ ನೆನೆದ ರಟ್ಟಿನ ರುಚಿ. ಆಮ್ಲಜನಕ ತಗಲಿ ಹಳಸಿದ ಬಿಯರಿನ ಗುರುತೇ ಈ ರಟ್ಟಿನ ರುಚಿಯೆಂದೂ, ಅದಕ್ಕೆ ಮುಖ್ಯವಾಗಿ ಕಾರಣವೆಂದು ಹೇಳುವ ವಸ್ತುವಿಗೆ ಟ್ರಾನ್ಸ್-2-ನಾನೆನಾಲ್ ಎಂಬ ಹೆಸರಿದೆಯೆಂದೂ ಆಮೇಲೆ ತಿಳಿಯಿತು. ಇಡೀ ಪೆಟ್ಟಿಗೆ ತೊಟ್ಟಿಗೆ ಹೋಯಿತು.

ಇಡಲು ತಕ್ಕವು ಬೇರೆಯೇ. ಸಾಮಾನ್ಯವಾಗಿ ಶೇಕಡಾ 8ಕ್ಕಿಂತ ಹೆಚ್ಚು ಮದ್ಯಾಂಶವಿರುವ, ಕಪ್ಪಗಿನ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹೆಚ್ಚಾಗಿ ಹಾಕಿ ಮಾಡಿದ ಬಿಯರುಗಳು ಕಾಲವನ್ನು ತಾಳಿಕೊಳ್ಳುತ್ತವೆ: ಇಂಗ್ಲೆಂಡಿನ ಬಾರ್ಲಿವೈನ್, ಇಂಪೀರಿಯಲ್ ಸ್ಟೌಟ್, ಬೆಲ್ಜಿಯಂನ ಮಠಗಳ ಕಡುಗಂದು ಏಲ್‌ಗಳು. ಡಾರ್ಚೆಸ್ಟರಿನ ಎಲ್ಡ್ರಿಡ್ಜ್ ಪೋಪ್ ಕಂಪನಿ 1968ರಲ್ಲಿ ಮೊದಲು ತಯಾರಿಸಿದ ಥಾಮಸ್ ಹಾರ್ಡೀಸ್ ಏಲ್, 25 ವರ್ಷ ಇಡಬಹುದೆಂದೇ ಹೆಸರಾಯಿತು. ಇಂಥ ಬಿಯರಿನಲ್ಲಿಯೂ ಆಮ್ಲಜನಕ ತನ್ನ ಕೆಲಸ ಮಾಡುತ್ತದೆ, ಆದರೆ ಫಲ ಬೇರೆ: ಹಾಪ್ಸ್‌ನ ಕಹಿ ಮೆಲ್ಲನೆ ಇಳಿಯುತ್ತದೆ, ಮದ್ಯದ ಖಾರ ಮೆತ್ತಗಾಗುತ್ತದೆ, ಒಣದ್ರಾಕ್ಷಿ, ಖರ್ಜೂರ, ಹಳೆಯ ಬೆಲ್ಲದಂಥ ರುಚಿಗಳು ಮೇಲೆ ಬರುತ್ತವೆ. ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿರಸ ಕಾಚಂಪುಳಿಯನ್ನು ಬಾಟಲಿಯಲ್ಲಿ ವರ್ಷಗಟ್ಟಲೆ ಕಾದಿಡುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮದ್ಯಾಂಶ ಕಡಿಮೆಯಿದ್ದರೂ ಇಡಬಹುದಾದ ಅಪವಾದಗಳಿವೆ. ಬೆಲ್ಜಿಯಂನ ಓರ್ವಾಲ್ ಮಠದ ಬಿಯರಿನಲ್ಲಿ ಇರುವುದು ಶೇಕಡಾ 6.2 ಮಾತ್ರ, ಆದರೆ ಬಾಟಲಿಗೆ ತುಂಬುವಾಗ ಅದಕ್ಕೆ ಬ್ರೆಟ್ಟನೊಮೈಸಿಸ್ ಎಂಬ ಕಾಡುಯೀಸ್ಟನ್ನು ಸೇರಿಸುತ್ತಾರೆ, ಅದು ಬಾಟಲಿಯೊಳಗೇ ಉಳಿದ ಸಕ್ಕರೆಯನ್ನು ತಿಂದು ತಿಂಗಳಿಂದ ತಿಂಗಳಿಗೆ ರುಚಿಯನ್ನು ಬದಲಿಸುತ್ತ ಹೋಗುತ್ತದೆ. ತುಂಬಿದ ದಿನಾಂಕವನ್ನು ಲೇಬಲ್ಲಿನ ಮೇಲೆ ಮುದ್ರಿಸಿರುವುದರಿಂದ, ಲೆಕ್ಕವಿಡುವ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಇವನ್ನು ತರುವುದೆಲ್ಲಿಂದ? ನನ್ನ ಭಾವ ಬ್ರಸೆಲ್ಸಿನಲ್ಲಿ ಕೆಲಸದಲ್ಲಿದ್ದಾರೆ, ಕಾಫಿ ಕೊಯ್ಲಿನ ಹೊತ್ತಿಗೆ ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. ಬೆಲ್ಜಿಯಂನ ಸಣ್ಣ ಬಾಟಲಿ 330 ಮಿಲಿಲೀಟರಿನದು. ಆರು ಬಾಟಲಿ ಸೇರಿದರೆ 1,980 ಮಿಲಿಲೀಟರ್. ಸುಂಕದ ನಿಯಮ ಬರೆದವರಿಗೆ ಈ ಲೆಕ್ಕ ಗೊತ್ತಿತ್ತೋ ಇಲ್ಲವೋ, ನನ್ನ ಇಡೀ ಪದ್ಧತಿ ನಿಂತಿರುವುದು ಇದರ ಮೇಲೆಯೇ. ಆರು ಬಾಟಲಿಯೆಂದರೆ ಆರು ಬಗೆಯಲ್ಲ, ಎರಡು ಬಗೆ, ಒಂದೊಂದರಲ್ಲೂ ಮೂರು: ಒಂದನ್ನು ಬಂದ ವಾರದಲ್ಲೇ ಕುಡಿದು ಟಿಪ್ಪಣಿ ಬರೆದಿಡುವುದು, ಇನ್ನೊಂದನ್ನು ವರ್ಷ ತುಂಬಿದಾಗ ತೆರೆಯುವುದು, ಮೂರನೆಯದಕ್ಕೆ ಎರಡನೆಯದರ ರುಚಿ ನೋಡಿ ಗಡುವು ಹಾಕುವುದು. ಒಂದೊಂದೇ ಬಾಟಲಿ ಕೂಡಿಟ್ಟರೆ ಅದು ಎಲ್ಲಿಂದ ಹೊರಟು ಎಲ್ಲಿಗೆ ಬಂತೆಂದು ತಿಳಿಯಲು ದಾರಿಯೇ ಇರುವುದಿಲ್ಲ. ಮನೆಯಲ್ಲಿ ಎಷ್ಟು ಮದ್ಯ ಇಟ್ಟುಕೊಳ್ಳಬಹುದೆಂಬುದಕ್ಕೆ ಅಬಕಾರಿ ನಿಯಮಗಳಲ್ಲಿ ಮಿತಿಯಿರುವುದರಿಂದ, ಆರಂಭಿಸುವವರು ಅದನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಜಾಗದ ವಿಷಯ. ನೆಲಮಾಳಿಗೆಗೆ 10ರಿಂದ 13 ಡಿಗ್ರಿ ಸೆಲ್ಸಿಯಸ್ ಉತ್ತಮವೆಂದು ಎಲ್ಲರೂ ಹೇಳುತ್ತಾರೆ. ಅಷ್ಟೊಂದು ತಂಪು ನಮ್ಮಲ್ಲಿ ವರ್ಷವಿಡೀ ಎಲ್ಲಿಯೂ ಸಿಗುವುದಿಲ್ಲವೆಂದು ನಾನು ಒಂದು ಹಳೆಯ ಫ್ರಿಜ್ಜನ್ನು ಕೊಂಡು, ಅದಕ್ಕೆ ತಾಪ ನಿಯಂತ್ರಕ ಜೋಡಿಸಿ 12ಕ್ಕೆ ನಿಲ್ಲಿಸಿದೆ. 2022ರ ಜುಲೈನಲ್ಲಿ ತೋಟದ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಒಂಬತ್ತು ದಿನ ಕರೆಂಟಿರಲಿಲ್ಲ. ಬಂದದ್ದೂ ನಿಲ್ಲದೆ ಮತ್ತೆ ಮತ್ತೆ ಹೋಯಿತು. ಬಿಯರ್ ಹನ್ನೆರಡರಿಂದ ಇಪ್ಪತ್ತೊಂದಕ್ಕೆ ಏರಿ, ಇಳಿದು, ಮತ್ತೆ ಏರಿತು. ಬಿಯರಿಗೆ ಹದವಾದ ಬಿಸುಪಿಗಿಂತ ಈ ಏರಿಳಿತವೇ ಹೆಚ್ಚು ಕೆಟ್ಟದ್ದು ಎಂದು ನಂಬಿರುವ ನನಗೆ ಆ ವಾರ ನಿದ್ದೆಯೇ ಬರಲಿಲ್ಲ.

ಪತ್ತಾಯದ ನೆನಪಾದದ್ದು ಆಗಲೇ. ಉಗ್ರಾಣ ಮನೆಯ ಈಶಾನ್ಯ ಮೂಲೆಯಲ್ಲಿದೆ, ಗೋಡೆ ಒಂದೂವರೆ ಅಡಿ ದಪ್ಪದ್ದು, ಕಿಟಕಿಯಿಲ್ಲ. ಅದರೊಳಗೆ, ನೆಲದಿಂದ ಒಂದು ಅಡಿ ಎತ್ತರದ ಕಾಲುಗಳ ಮೇಲೆ, ದಪ್ಪ ಹಲಗೆಯ ಪತ್ತಾಯ: ಭತ್ತಕ್ಕೆ ನೆಲದ ಶೀತ ತಾಕಬಾರದೆಂದು ಹಿರಿಯರು ಮಾಡಿದ್ದ ಏರ್ಪಾಡು. ಒಂದು ವರ್ಷ ಅದರೊಳಗೆ ತಾಪಮಾಪಕವಿಟ್ಟು ಬರೆದುಕೊಂಡೆ. ಏಪ್ರಿಲಿನಲ್ಲಿ ಗರಿಷ್ಠ 24, ಜನವರಿಯಲ್ಲಿ ಕನಿಷ್ಠ 17. ಆದರೆ ಹಗಲಿಗೂ ರಾತ್ರಿಗೂ ನಡುವಿನ ವ್ಯತ್ಯಾಸ ಒಂದು ಡಿಗ್ರಿಯನ್ನೂ ಮುಟ್ಟಲಿಲ್ಲ. ಬಾಟಲಿಗಳ ನಡುವೆ ನೀರು ತುಂಬಿದ ನಾಲ್ಕು ಕ್ಯಾನುಗಳನ್ನು ಇಟ್ಟ ಮೇಲೆ ಅದೂ ಕಡಿಮೆಯಾಯಿತು. ತಾಪ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಒರಟು ಲೆಕ್ಕವನ್ನು ಹಿಡಿದರೆ, 12 ಡಿಗ್ರಿಯ ನೆಲಮಾಳಿಗೆಯಲ್ಲಿ ಐದು ವರ್ಷಕ್ಕೆ ಆಗುವ ಬದಲಾವಣೆ ನನ್ನಲ್ಲಿ ಮೂರು ವರ್ಷಕ್ಕೇ ಆಗಿಬಿಡುತ್ತದೆ. ಅಷ್ಟು ಬೇಗ ತೆರೆಯಬೇಕು, ಅಷ್ಟೆ. ಫ್ರಿಜ್ಜಿನಲ್ಲಿ ಈಗ ಮಾವಿನಮಿಡಿ ಉಪ್ಪಿನಕಾಯಿಯಿದೆ.

ಕತ್ತಲೆಯೂ ಬೇಕು. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶಗಳು ಒಡೆದು ಗಂಧಕದ ಸಂಯುಕ್ತವೊಂದಾಗಿ, ತೆರೆದೊಡನೆ ಮೂಗು ಮುಚ್ಚಿಕೊಳ್ಳುವಂಥ ನಾತ ಬರುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ. ಪತ್ತಾಯದ ಮುಚ್ಚಳ ಹಾಕಿದ ಮೇಲೆ ಈ ಚಿಂತೆಯೂ ಇಲ್ಲ.

ಕೊಡಗಿನಲ್ಲಿ ನಿಜವಾದ ಶತ್ರು ಬಿಸಿಲಲ್ಲ, ತೇವ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಹಸಿರು ಬೂಷ್ಟು ಹಿಡಿಯುತ್ತದೆ. ಬಾಟಲಿಯ ಲೇಬಲ್ಲು ಬಿಟ್ಟೀತೇ? ಮೊದಲ ಮಳೆಗಾಲ ಮುಗಿದು ನೋಡಿದಾಗ ಎರಡು ಲೇಬಲ್ಲುಗಳು ಕಳಚಿ ಕೆಳಗೆ ಬಿದ್ದಿದ್ದವು, ಒಂದನ್ನು ಬೆಳ್ಳಿಹುಳ ಅರ್ಧ ತಿಂದಿತ್ತು, ಮುಚ್ಚಳಗಳ ಅಂಚಿನಲ್ಲಿ ತುಕ್ಕಿನ ಕಂದು ಉಂಗುರ ಮೂಡಿತ್ತು. ಈಗ ಬಾಟಲಿ ಬಂದ ದಿನವೇ ಅದರ ಹೆಸರನ್ನೂ ದಿನಾಂಕವನ್ನೂ ಗಾಜಿನ ಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಬರೆಯುತ್ತೇನೆ. ಮುಚ್ಚಳವನ್ನು ಕುತ್ತಿಗೆಯವರೆಗೆ ಕರಗಿಸಿದ ಜೇನುಮೇಣದಲ್ಲಿ ಒಮ್ಮೆ ಅದ್ದಿ ತೆಗೆಯುತ್ತೇನೆ; ಮೇಣ ಅತಿಯಾಗಿ ಬಿಸಿಯಾಗಿರಬಾರದು, ಬೆರಳಿಗೆ ತಾಕಿದರೆ ಚುರುಕ್ಕೆನ್ನುವ ಮೊದಲೇ ಹೆಪ್ಪುಗಟ್ಟುವಷ್ಟಿರಬೇಕು. ತೇವ ಹೀರುವ ಡಬ್ಬಿಗಳನ್ನು ಮೂಲೆಗಳಲ್ಲಿ ಇಟ್ಟಿದ್ದೇನೆ. ಆಷಾಢದಲ್ಲಿ ಅವು ಮೂರು ವಾರಕ್ಕೇ ನೀರು ತುಂಬಿಕೊಳ್ಳುತ್ತವೆ.

ಬಾಟಲಿಗಳನ್ನು ನಿಲ್ಲಿಸಿಯೇ ಇಡುತ್ತೇನೆ. ವೈನಿನಂತೆ ಮಲಗಿಸಿದರೆ ಯೀಸ್ಟಿನ ಗಸಿ ಪಕ್ಕಕ್ಕೆ ಅಂಟಿಕೊಂಡು ಸುರಿಯುವಾಗ ಕಲಕಿಬಿಡುತ್ತದೆ. ಬಿರಡೆ ಹಾಕಿದ ಗ್ಯೂಜ್ ಬಗೆಯ ಹುಳಿ ಬಿಯರನ್ನು ಬೆಲ್ಜಿಯಂನವರು ಮಲಗಿಸಿಡುವುದುಂಟು. ನನ್ನಲ್ಲಿ ಅದು ಒಂದೂ ಇಲ್ಲ.

ಕಳೆದ ಪುತ್ತರಿಯ ರಾತ್ರಿ ಮೂರು ವರ್ಷ ತುಂಬಿದ, ರೋಷ್‌ಫೋರ್ 10 ಎಂಬ ಬೆಲ್ಜಿಯಂನ ಮಠದ ಬಿಯರನ್ನು ತೆರೆದೆವು. ಅದರಲ್ಲಿ ಶೇಕಡಾ 11.3 ಮದ್ಯಾಂಶವಿದೆ, ಹೊಸದಾಗಿ ಕುಡಿದಾಗ ಗಂಟಲಲ್ಲಿ ಸುಟ್ಟ ನೆನಪು ಟಿಪ್ಪಣಿಯಲ್ಲಿತ್ತು. ಮೇಣ ಬಿಡಿಸಿ ಮುಚ್ಚಳ ಎತ್ತಿದಾಗ ಉಸಿರಿನಷ್ಟು ಸದ್ದು. ಕೊನೆಯ ಬೆರಳಗಲವನ್ನು ಗಸಿಯೊಂದಿಗೆ ಬಾಟಲಿಯಲ್ಲೇ ಬಿಟ್ಟು, ನಾಲ್ಕು ಸಣ್ಣ ಲೋಟಗಳಿಗೆ ಹಂಚಿದೆ. ನೊರೆ ಮೊದಲಿನಷ್ಟು ಏಳಲಿಲ್ಲ, ಬೇಗ ಕುಳಿತಿತು. ಸುಡುವಿಕೆ ಹೋಗಿತ್ತು, ಮೊದಲು ಅಂಜೂರ, ಆಮೇಲೆ ತಂಬುಟ್ಟಿಗೆ ಹಾಕುವ ಕಳಿತ ಬಾಳೆಹಣ್ಣಿನ ನೆನಪು, ಕೊನೆಗೆ ಹುರಿದ ಮಾಲ್ಟಿನ ಸಣ್ಣ ಕಹಿ. ಪಂದಿ ಕರಿಯ ಹುಳಿಗೆ ಅದು ಹೊಂದಿದಷ್ಟು ಬೇರೇನೂ ಹೊಂದಿದ್ದು ನನಗೆ ನೆನಪಿಲ್ಲ. ಭಾವ ಮಾತ್ರ, ಹೊಸತೇ ಚೆನ್ನಾಗಿತ್ತು ಎಂದು ಹಟ ಹಿಡಿದರು.

ಮರುದಿನ ಪತ್ತಾಯ ತೆರೆದು ಲೆಕ್ಕ ನೋಡಿದರೆ, ಓರ್ವಾಲ್ ಸಾಲಿನ ಪಕ್ಕದಲ್ಲಿ ಒಂದು ಹೆಚ್ಚಿನ ಬಾಟಲಿ ನಿಂತಿತ್ತು. ಕುತ್ತಿಗೆಗೆ ಮೇಣ, ಗಾಜಿನ ಮೇಲೆ ನನ್ನದೇ ಬಿಳಿ ಪೆನ್ನಿನಲ್ಲಿ ಅಮ್ಮನ ಅಕ್ಷರ: ಕಾಚಂಪುಳಿ, 2024.