ಭಯಂಕರ ಚೆನ್ನಾಗಿದೆ ಅಂದ್ರೆ ಯಾರೂ ಹೆದ್ರಲ್ಲ

ಹೋದ ತಿಂಗಳು ಲಂಡನ್ ಕಡೆ ಕ್ಲೈಂಟ್ ಒಬ್ರು ನಾನು ಕಳ್ಸಿದ್ದ ರಿಪೋರ್ಟ್ ನೋಡಿ "ಕ್ವೈಟ್ ಗುಡ್" ಅಂತ ಎರಡೇ ಪದ ಹಾಕಿದ್ರು, ನಂಗೋ ಸಿಕ್ಕಾಪಟ್ಟೆ ಖುಷಿ, ಟೀಮ್ ಗ್ರೂಪಲ್ಲೂ ಹಾಕ್ಬಿಟ್ಟೆ, ಸಂಜೆ ಹೊತ್ತಿಗೆ ಅದೇ ರಿಪೋರ್ಟು 14 ಕಾಮೆಂಟ್ ಹೊತ್ಕೊಂಡು ವಾಪಸ್ ಬಂತು. ತುಂಬಾ ಬೇಜಾರಾಯ್ತು. ಆಮೇಲೆ ಗೊತ್ತಾಗಿದ್ದು, ಅಮೆರಿಕದವ್ರು ಕ್ವೈಟ್ ಗುಡ್ ಅಂದ್ರೆ ಚೆನ್ನಾಗೇ ಇದೆ ಅಂತ, ಬ್ರಿಟನ್ನಿನವ್ರು ಅಂದ್ರೆ ಬಹಳ ಸಲ ಅದು ನಮ್ಮ "ಪರ್ವಾಗಿಲ್ಲ" ಇದ್ದಂಗೆ. ಆದ್ರೆ ಅವ್ರೇ "ಕ್ವೈಟ್ ಇಂಪಾಸಿಬಲ್" ಅಂದ್ರೆ ಆಗೋದೇ ಇಲ್ಲ ಅಂತ!

ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಇಂಗ್ಲಿಷಲ್ಲಿ "ತುಂಬಾ" ಅನ್ನೋಕೆ ಮೇಷ್ಟ್ರು ಕೊಟ್ಟಿದ್ದು ವೆರಿ ಒಂದೇ. ಆ ವೆರಿನೂ ಹಳೇ ಫ್ರೆಂಚಿನ "ನಿಜ" ಅನ್ನೋ ಪದದಿಂದ ಬಂದಿದ್ದು, ಸವೆದು ಸವೆದು "ತುಂಬಾ" ಆಗಿದೆ. ಟೆರಿಬ್ಲಿ, ಆಫುಲಿ ಎರಡರ ಹೊಟ್ಟೆಯಲ್ಲೂ ಭಯ ಇದೆ, ಆದ್ರೂ ಒಳ್ಳೇದಕ್ಕೂ ಹಾಕ್ತಾರೆ. ಇದನ್ನ ಓದ್ದಾಗ ನಮ್ಮಜ್ಜಿ ನೆನಪಾದ್ರು, ಹುಳಿ ಬಾಯಿಗೆ ಹಾಕ್ಕೊಂಡು "ಭಯಂಕರ ರುಚಿ ಕಣೇ" ಅಂತಿದ್ರು. ನಮ್ಮ ಬೆಂಗಳೂರಿನ ಸಖತ್ ಕೂಡ ಪಾರ್ಸಿಯಲ್ಲಿ ಗಟ್ಟಿ, ಕಠಿಣ ಅನ್ನೋ ಪದ. ಹುಡುಗ್ರು "ಬೆಂಕಿ ಗುರು" ಅಂದ್ರೆ ಯಾರೂ ನೀರು ತರಲ್ಲ, ಇಂಗ್ಲಿಷಲ್ಲೂ ಫೈರ್ ಅಂದ್ರೆ ಅದೇನೇ. ಇಷ್ಟೆಲ್ಲಾ ನಮ್ಮ ಬಾಯಲ್ಲೇ ಇರುವಾಗ ಇಂಗ್ಲಿಷ್ ಸ್ಲ್ಯಾಂಗ್ ಕೇಳಿ ಗಾಬರಿ ಆಗ್ಬೇಕಿಲ್ಲ ಅನ್ಸುತ್ತೆ ನಂಗೆ.

ಲಿಟರಲಿ ಅಂದ್ರೆ ಅಕ್ಷರಶಃ, ಅದನ್ನ ಬರೀ ಒತ್ತು ಕೊಡೋಕೆ ಬಳಸಿ ಈಗಿನ ಮಕ್ಕಳು ಹಾಳು ಮಾಡಿದ್ರು ಅಂತ ಜಗಳ ಆಡೋರು ತುಂಬಾ ಜನ, ಆದ್ರೆ ಅಕ್ಷರಶಃ ಅಲ್ಲದ ಕಡೆ ಅದನ್ನ ಬಳಸಿರೋದು 1769ರಷ್ಟು ಹಿಂದೇನೇ ಸಿಗುತ್ತೆ.

ಊರು ಮಾತ್ರ ನೋಡ್ಕೋಬೇಕು. ಬಾಸ್ಟನ್ ಕಡೆ ವಿಕೆಡ್ ಗುಡ್, ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹೆಲ್ಲಾ ಗುಡ್, ನಮ್ಮಲ್ಲಿ ಹುಬ್ಬಳ್ಳಿಯವ್ರು "ಭಾಳ ಛಲೋ" ಅನ್ನೋ ಹಾಗೆ.

ಪಿಯುಸಿ ಓದೋ ನಮ್ಮಣ್ಣನ ಮಗಳು ಮೊನ್ನೆ ಬಸವನಗುಡಿ ಮನೇಲಿ ಅವರೆಕಾಳು ಉಪ್ಪಿಟ್ಟು ತಿಂತಾ "ಅತ್ತೆ, ಲೋ-ಕೀ ಇಷ್ಟ ಆಯ್ತು" ಅಂದ್ಲು. ಕಡಿಮೆ ಇಷ್ಟ ಆಯ್ತಾ ಅಂತ ಕೇಳ್ದೆ. "ಅಯ್ಯೋ ಇಲ್ಲ ಅತ್ತೆ, ಡಂಗುರ ಸಾರಲ್ಲ, ಒಳಗೊಳಗೇ ಇಷ್ಟ ಅಂತ" ಅಂದು ಇನ್ನೊಂದು ಸೌಟು ಹಾಕಿಸ್ಕೊಂಡ್ಲು. ಯಾವ ಡಿಕ್ಷನರಿನೂ ನಂಗೆ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ.

ನಿನ್ನೆ ಅದೇ ಕ್ಲೈಂಟು ಹೊಸ ರಿಪೋರ್ಟಿಗೆ "ನಾಟ್ ಬ್ಯಾಡ್ ಅಟ್ ಆಲ್" ಅಂತ ಬರ್ದಿದ್ರು. ಸಂಜೆ ಆರರ ತನಕ ಕಾದೆ, ಒಂದು ಕಾಮೆಂಟೂ ಬರ್ಲಿಲ್ಲ.