ಕೋಣೆಯೂ ಕಛೇರಿಯ ಪಾಲುದಾರ

ನಿನ್ನೆ ರಾತ್ರಿ ಬಸವನಗುಡಿಯ ನಮ್ಮ ಮನೆಯಲ್ಲಿ ಹಳೆಯ ವೀಣಾ ಕಛೇರಿಯೊಂದರ ಸಿಡಿ ಹಾಕಿಕೊಂಡು ಕುಳಿತಿದ್ದೆ. ಮೃದಂಗದ ಎಡಭಾಗದ ನಾದ ಗುಂಯ್‌ಗುಟ್ಟಿ ವೀಣೆಯ ಮಂದ್ರವನ್ನೇ ನುಂಗಿಹಾಕುತ್ತಿತ್ತು. ಇಷ್ಟು ದಿನ ನಾನು ದೂರುತ್ತಿದ್ದುದು ಧ್ವನಿಮುದ್ರಣವನ್ನೇ. ಮೂಲೆಗೆ ಒತ್ತಿಕೊಂಡಿದ್ದ ಸ್ಪೀಕರ್‌ಗಳನ್ನು ಎರಡಡಿ ಮುಂದಕ್ಕೆಳೆದು, ಅವೆರಡರ ನಡುವಿನ ಅಂತರದಷ್ಟೇ ದೂರದಲ್ಲಿ ಕುರ್ಚಿ ಹಾಕಿಕೊಂಡು ಮತ್ತೆ ಕೇಳಿದಾಗ, ಮೀಟಿದ ತಂತಿಯ ನಾದ ನಿಧಾನವಾಗಿ ಕರಗುವುದೂ, ಎಡಗೈ ಬೆರಳು ವೀಣೆಯ ದಂಡಿಯ ಮೇಲಿನ ಮೆಟ್ಟಿಲುಗಳ ಮೇಲೆ ಜಾರುವ ಸಣ್ಣ ಸದ್ದೂ ಬಿಡಿಬಿಡಿಯಾಗಿ ಕೇಳಿಸಿದವು.

ಮೂಲೆಯಲ್ಲಿಟ್ಟ ಸ್ಪೀಕರಿನ ತಗ್ಗು ಸ್ವರಗಳನ್ನು ಸುತ್ತಲಿನ ಗೋಡೆಗಳೂ ನೆಲವೂ ಸೇರಿ ಹಿಗ್ಗಿಸುತ್ತವೆ. ನಮ್ಮ ಅಪಾರ್ಟ್‌ಮೆಂಟುಗಳ ನುಣುಪು ಟೈಲ್ಸ್ ಮತ್ತು ಬೋಳು ಗೋಡೆಗಳು ಎತ್ತರದ ಸ್ವರಗಳನ್ನು ಪ್ರತಿಫಲಿಸಿ ಕಿವಿಗೆ ಚುಚ್ಚುವಂತೆ ಮಾಡುತ್ತವೆ. ಜಮಖಾನೆ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಈ ಚುಚ್ಚುವಿಕೆಯನ್ನು ತಗ್ಗಿಸುತ್ತವೆಯಾದರೂ ಮಂದ್ರದ ಗುಂಗನ್ನು ಅಷ್ಟಾಗಿ ತಡೆಯಲಾರವು.

ಸಿಡಿಯಲ್ಲಿ ಕೊರತೆಯಿರಲಿಲ್ಲ. ಅದು ಸೆಕೆಂಡಿಗೆ 44,100 ಬಾರಿ, 16 ಬಿಟ್‌ಗಳಲ್ಲಿ ಶಬ್ದದ ಮಾದರಿಯನ್ನು ಹಿಡಿದಿಡುವುದರಿಂದ, ಮನುಷ್ಯನ ಕಿವಿಗೆ ನಿಲುಕುವ ಸುಮಾರು 20,000 ಹರ್ಟ್ಸ್‌ವರೆಗಿನ ಸ್ವರಗಳಿಗೆ ಅದರಲ್ಲಿ ಜಾಗವಿದೆ. ತೀರಾ ಕುಗ್ಗಿಸಿದ ಎಂಪಿತ್ರೀ ಕಡತಗಳಲ್ಲಿ ಖಂಜಿರದ ಬಿಲ್ಲೆಗಳ ಝಣತ್ಕಾರ ಮಸುಕಾಗುವುದು ನಿಜ. ಆದರೂ ದುಬಾರಿ ಕೇಬಲ್ಲಿಗೆ ಹಣ ಸುರಿಯುವ ಮೊದಲು ದಯವಿಟ್ಟು ಸ್ಪೀಕರುಗಳನ್ನು ಸ್ವಲ್ಪ ಸರಿಸಿ ನೋಡಿ. ಇಂದು ರಾತ್ರಿ ರಸ್ತೆಯ ವಾಹನಗಳ ಸದ್ದು ಅಡಗಿದ ಮೇಲೆ, ಅದೇ ಸಿಡಿಯ ಹಿನ್ನೆಲೆಯ ತಂಬೂರಿಯನ್ನಷ್ಟೇ ಗಮನವಿಟ್ಟು ಕೇಳಬೇಕೆಂದಿದ್ದೇನೆ.